ನಡುಮನೆಯ ತೊಲೆ

ರೋಹಿಣಿ ಮಳೆ ಜೋರಾಗಿ ಹುಯ್ದ ಒಂದು ಸಂಜೆ ಗಂಗಣ್ಣನ ಮನೆಯ ನಡುಮನೆಯಲ್ಲಿ ಹೆಂಚುಗಳು ದಡದಡನೆ ಉದುರಿದವು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಬೆಳಗ್ಗೆ ಎದ್ದು ನೋಡಿದರೆ ಸೂರು ಹೊತ್ತಿದ್ದ ದೊಡ್ಡ ತೊಲೆ ಒಂದು ಕಡೆಗೆ ಜಗ್ಗಿತ್ತು. ಅದರ ತುದಿಯಿಂದ ಗೆದ್ದಲಿನ ಮಣ್ಣು ಹಿಟ್ಟಿನ ಹಾಗೆ ಸುರಿಯುತ್ತಿತ್ತು.

ದೊಡ್ಡಬೆಳವಂಗಲದಾಚೆಯ ಆ ಊರಿನಲ್ಲಿ ಉಳಿದಿದ್ದ ತೊಟ್ಟಿಮನೆ ಅದೊಂದೇ. ಮಿಕ್ಕವರೆಲ್ಲ ಕೆಡವಿ ಕಾಂಕ್ರೀಟಿನ ಮೋಲ್ಡ್ ಹಾಕಿಸಿಕೊಂಡಿದ್ದರು. ಇದನ್ನು ಕಟ್ಟಿಸಿದ್ದು ಗಂಗಣ್ಣನ ತಾತನ ತಂದೆ. ಕಂಬ, ಬೋದಿಗೆ, ಜಂತೆ ಎಲ್ಲವೂ ಮರದ್ದು. ಹೆಬ್ಬಾಗಿಲಿನ ಮೇಲೆ ಬಳ್ಳಿ ಕೆತ್ತಿದ ಪಟ್ಟಿ.

ಮನೆಯೇನೋ ಒಂದು, ಆದರೆ ಒಂದಾಗಿ ಉಳಿದಿರಲಿಲ್ಲ. ಗಂಗಣ್ಣನೂ ಅವನ ತಮ್ಮ ವೆಂಕಟರಮಣಪ್ಪನೂ ಜಗಳವಾಡಿ ಪಾಲಾದಾಗ ತೊಟ್ಟಿಯ ಮಧ್ಯದಿಂದ ನಡುಮನೆಯ ತೊಲೆಯ ಕೆಳಗಿನವರೆಗೂ ಮಣ್ಣಿನ ಗೋಡೆ ಎದ್ದಿತು. ಹೆಬ್ಬಾಗಿಲು ಅಣ್ಣನ ಪಾಲಿಗೆ ಬಂತು. ತಮ್ಮ ಹಿತ್ತಲ ಕಡೆ ಗೋಡೆ ಒಡೆದು ಬಾಗಿಲಿಟ್ಟುಕೊಂಡ. ಮಾತುಕತೆ ನಿಂತೇಹೋಯಿತು. ಆಮೇಲೆ ಒಂದು ಸುಗ್ಗಿಯಲ್ಲಿ ವೆಂಕಟರಮಣಪ್ಪ ಹೊಲದಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಊರಿನ ಹಿರಿಯರು ಬಂದು, "ಹುಟ್ಟಿದ ಮನೆ ಕಣಪ್ಪಾ. ನಡುಮನೇಲಿ ಮಲಗಿಸಿ, ಹೆಬ್ಬಾಗಿಲಿಂದ ಕಳಿಸ್ಕೊಡೋಣ," ಅಂದರು.

"ಪಾಲು ಅಂದ್ಮೇಲೆ ಪಾಲು," ಅಂದುಬಿಟ್ಟ ಗಂಗಣ್ಣ.

ಹೆಣ ಹಿತ್ತಲ ಓಣಿಯಲ್ಲಿ, ತಿಪ್ಪೆ ಪಕ್ಕದಿಂದ ಹೋಯಿತು. ಮುಚ್ಚಿದ ಹೆಬ್ಬಾಗಿಲಿನ ಹಿಂದೆ ಗಂಗಣ್ಣ ಅಗುಳಿಯ ಮೇಲೆ ಕೈಯಿಟ್ಟು ನಿಂತಿದ್ದ. ತಮಟೆಯ ಸದ್ದು ಊರಾಚೆ ಕರಗುವವರೆಗೂ ಹಾಗೇ ನಿಂತಿದ್ದ. ತೆಗೆಯಲಿಲ್ಲ. ಅದಾಗಿ ಹತ್ತು ವರ್ಷದ ಮೇಲಾಯಿತು. ತಮ್ಮನ ಹೆಂಡತಿ ಲಕ್ಕಮ್ಮ ಇದ್ದೊಬ್ಬ ಮಗಳನ್ನು ಹೊಸಕೋಟೆಗೆ ಕೊಟ್ಟು, ಗೋಡೆಯ ಆಚೆ ತನ್ನ ಪಾಡಿಗೆ ತಾನಿದ್ದಳು.

ದೊಡ್ಡಬಳ್ಳಾಪುರದಿಂದ ಬಂದ ಬಡಗಿ ಕಾಳಾಚಾರಿ ಏಣಿ ಹತ್ತಿ ತೊಲೆಯನ್ನು ಉಳಿಯ ಹಿಡಿಯಿಂದ ಉದ್ದಕ್ಕೂ ಬಡಿದು ನೋಡಿದ.

"ಗೌಡ್ರೇ, ಗೆದ್ದಲು ತಿಂದಿರೋದು ನಿಮ್ಮ ಕಡೆ ತುದಿ. ಆ ಕಡೇದು ಇನ್ನೂ ಗಟ್ಟಿಯಾಗದೆ."

"ನಮ್ಮ ಭಾಗ ಕೆಡವಿ ಮೋಲ್ಡ್ ಹಾಕಿಸಿದ್ರೆ?"

"ಹಾಕಿಸ್ಕೋಬಹುದು. ಆದ್ರೆ ಗೋಡೆ ನಡುವೆ ಬಂದಿದ್ರೂ ತೊಲೆ ಒಂದೇ ಅಲ್ವಾ? ಇದನ್ನ ಇಳಿಸಿದ್ರೆ ಆ ಕಡೆ ಸೂರೂ ಇಳಿಯುತ್ತೆ."

"ಉಳಿಸ್ಕೋಬೇಕು ಅಂದ್ರೆ?"

"ತಿಂದಿರೋಷ್ಟು ಕುಯ್ದು ತೆಗೆದು ಹೊಸ ಮರ ಬೆಸೀಬೇಕು. ಮೊಳೆ ಹೊಡೆಯಲ್ಲ, ಮರದ ಬೆಣೇಲೇ ನಿಲ್ಲಿಸ್ತೀನಿ. ಆದ್ರೆ ಎತ್ತೋವಾಗ ಎರಡೂ ಕಡೆ ಆಸರೆ ಕಂಬ ಕೊಡಲೇಬೇಕು. ಆಯಮ್ಮನ್ನ ನೀವು ಕೇಳ್ಬೇಕು."

ಗಂಗಣ್ಣ ಆ ದಿನವೆಲ್ಲ ಜಗುಲಿಯ ಮೇಲೆ ಕೂತಿದ್ದ. ಊಟಕ್ಕೆ ಕರೆದಾಗ ಎದ್ದು ಬಂದು ಮುದ್ದೆ ಮುರಿಯುತ್ತಾ, "ಉಳಿಸೋಣ ಕಣೇ," ಅಂದ.

ಹೆಂಡತಿ ವರಲಕ್ಷ್ಮಮ್ಮ ಸಾರು ಬಿಡುತ್ತಿದ್ದವಳು ಸೌಟು ಹಿಡಿದೇ ನಿಂತಳು. "ಹೋದ ವರ್ಷವೆಲ್ಲ ಕೆಡವ್ತೀನಿ ಅಂತಿದ್ರಿ. ಈಗ ಉಳಿಸೋಣ ಅಂತಿರೋದು, ಕೆಡವಿದ್ರೆ ಲಕ್ಕಮ್ಮನ ತಲೆ ಮೇಲಿನ ಸೂರೂ ಹೋಗುತ್ತೆ ಅಂತ ತಾನೆ?"

"ಹಳೇ ಮರ. ಸುಮ್ನೆ ಯಾಕೆ ಹಾಳು ಮಾಡೋದು," ಅಂದ ಗಂಗಣ್ಣ, ತಟ್ಟೆಯಿಂದ ತಲೆಯೆತ್ತದೆ.

ಲಕ್ಕಮ್ಮನ ಬಾಗಿಲಿಗೆ ಹೋಗಲು ಹಿತ್ತಲ ಓಣಿ ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಅಷ್ಟು ವರ್ಷದಲ್ಲಿ ಗಂಗಣ್ಣ ಆ ಓಣಿಗೆ ಕಾಲಿಟ್ಟಿರಲಿಲ್ಲ. ಎಷ್ಟು ಇಕ್ಕಟ್ಟಾಗಿತ್ತೆಂದರೆ ಇಬ್ಬರು ಪಕ್ಕಪಕ್ಕದಲ್ಲಿ ನಡೆಯುವ ಹಾಗಿರಲಿಲ್ಲ. ತಿಪ್ಪೆಯ ಬಳಿ ಕಾಲು ಜಾರಿ ಗೋಡೆ ಹಿಡಿದುಕೊಂಡ. ಚಟ್ಟ ಹೊತ್ತವರು ಇಲ್ಲಿ ಹೇಗೆ ತಿರುಗಿಸಿಕೊಂಡರೋ ಅನ್ನುವ ಯೋಚನೆ ಬಂದು ಸ್ವಲ್ಪ ಹೊತ್ತು ಮುಂದೆ ಹೆಜ್ಜೆಯಿಡಲು ಆಗಲಿಲ್ಲ.

ಬಾಗಿಲಲ್ಲಿ ರಾಗಿ ಕೇರುತ್ತಿದ್ದ ಲಕ್ಕಮ್ಮ ಮೊರ ಕೆಳಗಿಟ್ಟು ಎದ್ದು ನಿಂತು ಸೆರಗು ಹೊದ್ದಳು. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಕಟ್ಟೆಯ ಮೇಲಿಟ್ಟಳು. ಗಂಗಣ್ಣ ನಿಂತೇ ವಿಷಯ ಹೇಳಿದ. ಅವಳು ಅಡ್ಡಮಾತಾಡದೆ ಕೇಳಿದಳು.

"ಕಂಬ ನಿಲ್ಲಿಸ್ಕೊಳ್ಳಿ, ಭಾವ. ನಂದೇನೂ ಅಡ್ಡಿಯಿಲ್ಲ."

ಹೊರಡಲು ತಿರುಗಿದವನನ್ನು ಅವಳ ದನಿ ತಡೆಯಿತು.

"ಒಂದು ಮಾತು. ಪ್ರತಿ ಪಕ್ಷದ ಹಬ್ಬಕ್ಕೂ ಅವರಿಗೆ ಈ ಬಾಗಿಲಲ್ಲೇ ಎಡೆ ಇಡ್ತೀನಿ. ಬಂದು ಉಣ್ತಾರೋ ಇಲ್ವೋ ಗೊತ್ತಿಲ್ಲ. ಅವರು ಹುಟ್ಟಿ ಬೆಳೆದಿದ್ದು ಆ ಬಾಗಿಲಲ್ಲಿ ಓಡಾಡ್ಕೊಂಡು. ತಿಪ್ಪೆ ದಾಟ್ಕೊಂಡು ಬಂದು ಉಣ್ಣೋಕೆ ಮನಸ್ಸು ಬರುತ್ತಾ, ನೀವೇ ಹೇಳಿ."

ಗಂಗಣ್ಣ ಕಟ್ಟೆಯ ಮೇಲಿದ್ದ ಚೊಂಬನ್ನೆತ್ತಿ ನೀರು ಕುಡಿದ. ಪೂರ್ತಿ ಕುಡಿದು, ಚೊಂಬು ಬೋರಲು ಹಾಕಿ, ಬಂದ ದಾರಿಯಲ್ಲೇ ಹೋದ.

ತೂಬಗೆರೆ ಕಡೆಯಿಂದ ಹಲಸಿನ ಮರದ ದಿಮ್ಮಿ ಬಂತು. ಚೆನ್ನಾಗಿ ಒಣಗಿ ಅರಿಸಿನದ ಬಣ್ಣಕ್ಕೆ ತಿರುಗಿದ ಮರ. ಕಾಳಾಚಾರಿ ಅದನ್ನು ಬಾಚಿಯಿಂದ ಕೆತ್ತುವಾಗ ಮನೆಯೆಲ್ಲ ಮರದ ಪರಿಮಳ. ಎರಡೂ ಕಡೆ ಆಸರೆ ಕಂಬಗಳು ನಿಂತವು, ಅವುಗಳ ಬುಡಕ್ಕೆ ಲಾರಿಯ ಜಾಕಿಗಳು ಕೂತವು.

"ಎರಡೂ ಕಡೆ ಸಮನಾಗಿ ಏಳ್ಬೇಕು," ಅಂದ ಕಾಳಾಚಾರಿ. "ಒಂದು ಕಡೆ ಹೆಚ್ಚಾದ್ರೆ ತೊಲೆ ಸೀಳುತ್ತೆ. ಆ ಕಡೆ ನನ್ನ ಆಳು ಜಾಕಿ ತಿರುಗಿಸ್ತಾನೆ, ಈ ಕಡೆ ನಾನು. ಎಷ್ಟೆದ್ದಿದೆ ಅಂತ ಕಣ್ಣಿಟ್ಟು ಕೂಗಿ ಹೇಳೋರು ಎರಡೂ ಕಡೆ ಒಬ್ಬೊಬ್ಬರು ಬೇಕು."

ಈ ಕಡೆ ಗಂಗಣ್ಣ ನಿಂತ. ಆ ಕಡೆ ಲಕ್ಕಮ್ಮನೇ ನಿಂತಳು. ತೊಲೆ ನರಳಿತು. ಮೇಲಿಂದ ಧೂಳು ಸುರಿಯಿತು.

"ಒಂದು ಬೆರಳು ಎದ್ದಿದೆ, ಭಾವ!" ಗೋಡೆಯಾಚೆಯಿಂದ ಲಕ್ಕಮ್ಮ ಕೂಗಿದಳು.

ಗಂಗಣ್ಣ ಕತ್ತೆತ್ತಿ ತೊಲೆ ನೋಡಿದ. "ಇಲ್ಲೂ ಒಂದು ಬೆರಳು, ಲಕ್ಕಮ್ಮ. ತಾಳು... ಹಾಂ, ಈಗ ಎತ್ತಲಿ."

"ಇಲ್ಲಿ ಸ್ವಲ್ಪ ಹೆಚ್ಚಾಯ್ತು!"

"ನಿಲ್ಲಿಸೋಕೆ ಹೇಳು! ನೀನು ಅದರ ಕೆಳಗೆ ನಿಂತ್ಕೋಬೇಡ, ಆಚೆ ಸರಿ!"

"ಸರಿದಿದ್ದೀನಿ, ಭಾವ. ನೀವೂ ಸರೀರಿ!"

ಮಧ್ಯಾಹ್ನದವರೆಗೂ ಹೀಗೇ ಒಬ್ಬರಿಗೊಬ್ಬರು ಕೂಗಿ ಹೇಳುತ್ತಾ ತೊಲೆಯನ್ನು ನೆಟ್ಟಗೆ ಮಾಡಿದರು. ಒಲೆಯ ಮುಂದೆ ಕೂತಿದ್ದ ವರಲಕ್ಷ್ಮಮ್ಮ ಆ ಎರಡು ದನಿಗಳನ್ನು ಕೇಳುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆಯ ನೆಪ ಹೇಳಲು ಅಂದು ಹೊಗೆಯೂ ಇರಲಿಲ್ಲ.

ಹಳೆಯ ಮರದ ಬಾಯಿಗೆ ಹೊಸ ಮರದ ನಾಲಗೆ ಕೂರಿಸುವ ಕೆಲಸ ನಿಧಾನವಾಗಿ ಸಾಗಿತು. ಕಾಳಾಚಾರಿ ಕೂರಿಸುವುದು, ತೆಗೆಯುವುದು, ಎಳೆಯಷ್ಟು ಕೀಸುವುದು, ಮತ್ತೆ ಕೂರಿಸುವುದು. ಕಡೆಗೆ ಕೊಡತಿಯಿಂದ ಬೆಣೆ ಬಡಿದಾಗ ಬೆಸುಗೆಯಲ್ಲಿ ಉಗುರು ಹೋಗುವಷ್ಟೂ ಸಂದಿರಲಿಲ್ಲ. ಬಣ್ಣ ಮಾತ್ರ ಬೇರೆ. ಹಳೆಯದು ಕಪ್ಪು, ಹೊಸದು ಹಳದಿ.

"ಹೊಂಗೆ ಎಣ್ಣೆ ಹಚ್ತಾ ಇದ್ರೆ ಒಂದಾಗುತ್ತಾ?" ಕೇಳಿದ ಗಂಗಣ್ಣ.

"ಕಪ್ಪಾಗುತ್ತೆ ಗೌಡ್ರೇ. ಆದ್ರೆ ನೋಡಿದೋರಿಗೆ ಗೊತ್ತಾಗುತ್ತೆ. ಗೊತ್ತಾದ್ರೆ ತಪ್ಪೇನು?"

ನೆಲಕ್ಕೆ ಉಜ್ಜುತ್ತಿದ್ದ ಹೆಬ್ಬಾಗಿಲಿನ ಕದಗಳನ್ನೂ ಇಳಿಸಿ, ಬುಡ ಕೀಸಿ, ಮುರಿದ ಬಳ್ಳಿಯ ಎಲೆಗಳನ್ನು ಹೊಸದಾಗಿ ಕೆತ್ತಿ ಸೇರಿಸಿ, ಮತ್ತೆ ನಿಲ್ಲಿಸಿದರು. ಅಷ್ಟರಲ್ಲಿ ಭಾದ್ರಪದ ಬಂತು. ಪಕ್ಷದ ಹಬ್ಬದ ಹಿಂದಿನ ದಿನ ಗಂಗಣ್ಣ ಯಾರಿಗೂ ಹೇಳದೆ ಮತ್ತೆ ಆ ಓಣಿ ಹೊಕ್ಕ.

"ಲಕ್ಕಮ್ಮ, ನಾಳೆ ಅವನ ಎಡೆ ನಡುಮನೇಲಿ ಇಡೋಣ. ಅಪ್ಪ ಅವ್ವನ ಪಕ್ಕದಲ್ಲಿ. ಹೆಬ್ಬಾಗಿಲಲ್ಲೇ ಬಾ."

ಅವಳು ತಲೆಯಾಡಿಸಿದಳು ಅಷ್ಟೇ.

ಮರುದಿನ ಲಕ್ಕಮ್ಮ ಗಂಡನ ಹೆಸರಿನಲ್ಲಿ ತಂದ ಹೊಸ ಪಂಚೆ ಹಿಡಿದು ಊರ ಬೀದಿಯಲ್ಲಿ ಸುತ್ತಿಕೊಂಡು ಬಂದಳು. ಹೊಸಿಲ ಬಳಿ ವರಲಕ್ಷ್ಮಮ್ಮ ಅವಳ ಕೈ ಹಿಡಿದಳು. ನಡುಮನೆಯಲ್ಲಿ ಕಳಸದ ಮುಂದೆ ಬಾಳೆ ಎಲೆ ಹಾಸಿ, ಗಂಗಣ್ಣ ತನ್ನ ಕೈಯಿಂದಲೇ ಬಡಿಸಿದ. ಮುದ್ದೆ, ಕೋಳಿ ಸಾರು, ಕಜ್ಜಾಯ. ತಮ್ಮನಿಗೆ ಕಜ್ಜಾಯ ಅಂದರೆ ಪ್ರಾಣ. ಇಟ್ಟ ಮೇಲೆ ಇನ್ನೊಂದನ್ನು ಇಟ್ಟ.

ಹಿರಿಯರು ಬಂದು ಉಣ್ಣಲಿ ಎಂದು ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುವುದು ಆ ಮನೆಯ ವಾಡಿಕೆ. ಎಲ್ಲರೂ ಜಗುಲಿಗೆ ಬಂದರು. ಗಂಗಣ್ಣ ಕದದ ಮೇಲೆ ಕೈಯಿಟ್ಟವನು ಹಾಗೇ ನಿಂತುಬಿಟ್ಟ.

"ಮುಚ್ಚಿ," ಅಂದಳು ವರಲಕ್ಷ್ಮಮ್ಮ ಮೆಲ್ಲಗೆ.

"ಆಗಲ್ಲ ಕಣೇ," ಅಂದ. "ಈ ಬಾಗಿಲು ನಾನು ಮುಚ್ಚಲ್ಲ." ಅಷ್ಟು ದೊಡ್ಡ ಮನುಷ್ಯ ಬಾಗಿಲುವಾಡಕ್ಕೆ ಹಣೆ ಹಚ್ಚಿ ಅತ್ತುಬಿಟ್ಟ.

ಜಗುಲಿಯ ಮೇಲೆ ಕೂತಿದ್ದ ಲಕ್ಕಮ್ಮ ಎದ್ದು ಬಂದು ಇನ್ನೊಂದು ಕದ ಹಿಡಿದಳು.

"ಮುಚ್ಚಿ, ಭಾವ. ಅವರು ಒಳಗೇ ಅವ್ರೆ."

ಇಬ್ಬರೂ ಸೇರಿ ಮುಚ್ಚಿದರು. ಕದಗಳು ಸದ್ದಿಲ್ಲದೆ ಕೂಡಿಕೊಂಡವು.

ದೀಪಾವಳಿ ಕಳೆದ ಮೇಲೆ ನಡುವಿನ ಗೋಡೆಯನ್ನು ತೆಗೆಸಿದರು. ಆ ಮಣ್ಣನ್ನೇ ನೆನೆಸಿ ಹೊರಗೋಡೆಗಳಿಗೆ ಮೆತ್ತಿದರು. ಒಲೆಗಳು ಮಾತ್ರ ಎರಡೇ ಉಳಿದವು, ಲಕ್ಕಮ್ಮ ಹಾಗೇ ಇರಲಿ ಅಂದಳು. ಗಂಗಣ್ಣನೂ ಅವಳ ಜೊತೆ ಹೆಚ್ಚು ಮಾತಾಡುವುದಿಲ್ಲ, ಮೊದಲಿಂದಲೂ ಅವನದು ಮಿತಮಾತು. ಸೊಗಡವರೆಕಾಯಿ ಬಂದ ಕಾಲಕ್ಕೆ ವಾರಗಿತ್ತಿಯರಿಬ್ಬರೂ ತೊಟ್ಟಿಯ ಬಿಸಿಲಲ್ಲಿ ಒಂದೇ ಚಾಪೆಯ ಮೇಲೆ ಕೂತು ಕಾಯಿ ಸುಲಿಯುತ್ತಿದ್ದರು. ಹೊಲದಿಂದ ಬಂದ ಗಂಗಣ್ಣ ಕಾಲು ತೊಳೆದುಕೊಂಡು, ತನ್ನ ನೆರಳು ಬಿದ್ದು ಅವರಿಗೆ ಬಿಸಿಲು ತಪ್ಪದಂತೆ ಪಕ್ಕಕ್ಕೆ ಸರಿದು ಒಳಗೆ ಹೋದ.