ನೀರಲ್ಲಿ ನೆನೆದ ಕಂಬಗಳು

ನನ್ನ ಗಂಡ ಪಂಚಾಕ್ಷರಿ ಕಾಮಾಲೆಯಿಂದ ತೀರಿಕೊಂಡು ಕೆಲವು ತಿಂಗಳಾದ ಮೇಲೆ, ಅವನ ಜೊತೆ ಭಾನುವಾರ ಹಕ್ಕಿ ನೋಡಲು ಹೋಗುತ್ತಿದ್ದವರು ಯಡಿಯೂರಿನ ನಮ್ಮ ಮನೆಗೆ ಬಂದರು. ಹುಳಿಮಾವು ಕೆರೆಗೆ ನೀರು ಬಂದು ಸೇರುವ ಕಡೆ, ಜೊಂಡಿನ ಅಂಚಿನಲ್ಲಿ, ಮರದ ಒಂದು ವೀಕ್ಷಣಾ ಗೋಪುರ ಕಟ್ಟಿ ಅದಕ್ಕೆ ಅವನ ಹೆಸರಿಡಬೇಕೆಂದು ಅವರ ಆಸೆ. ನಾನು ಆರ್ಕಿಟೆಕ್ಚರ್ ಓದಿದವಳು. ನಕ್ಷೆ ನಾನೇ ಮಾಡಬೇಕೆಂದರು. ಆಗಲಿ ಎಂದೆ. ಆ ದಿನಗಳಲ್ಲಿ ಯಾರು ಏನು ಕೇಳಿದರೂ ಆಗಲಿ ಎನ್ನುತ್ತಿದ್ದೆ.

ಮಾವ ಮರುಳಸಿದ್ದಪ್ಪನವರು ಒಳಗಿನಿಂದ ಕೇಳಿಸಿಕೊಂಡಿದ್ದರು. ಹತ್ತಿರದ ಸಿದ್ದಾಪುರದಲ್ಲಿ ಅವರದು ದಿನಸಿ ಅಂಗಡಿ. ಭಾನುವಾರ ವ್ಯಾಪಾರ ಜೋರಾಗಿರುವಾಗಲೇ ಮಗ ದುರ್ಬೀನು ನೇತುಹಾಕಿಕೊಂಡು ಹೊರಟುಬಿಡುತ್ತಾನೆಂದು ವರ್ಷಗಟ್ಟಲೆ ಜಗಳವಾಡಿದವರು. ಬಂದವರು ಹೋದ ಮೇಲೆ ಹೊರಗೆ ಬಂದರು.

"ಮೆಟ್ಲು ಹೆಂಗಿರುತ್ತವ್ವಾ?"

"ಏಣಿ ಥರ, ಮಾವ."

"ಏಣಿ ಹತ್ತೋಕೆ ನನ್ ಮಂಡಿ ಕೇಳಲ್ಲ. ಅಂಗಡಿ ಬಿಟ್ಟು ಅವನು ಅದೇನ್ ನೋಡ್ತಿದ್ನೋ, ಒಂದ್ಸಲ ನಾನೂ ನೋಡ್ಬೇಕು."

ಏಣಿಯನ್ನು ಅಳಿಸಿ ತಗ್ಗು ಮೆಟ್ಟಿಲು ಬರೆದೆ. ನಡುವೆ ಕೂತು ಸುಧಾರಿಸಿಕೊಳ್ಳಲು ಒಂದು ಹಲಗೆ. ಅದರಿಂದ ಗೋಪುರ ಅಗಲವಾಯಿತು, ಕಂಬಗಳು ಹೆಚ್ಚಾದವು. ಅಷ್ಟು ದಿನಗಳಲ್ಲಿ ನನ್ನ ಮನಸ್ಸು ಒಂದೆಡೆ ನಿಂತದ್ದು ಆ ಮೆಟ್ಟಿಲುಗಳನ್ನು ಬರೆಯುವಾಗ.

ಕೆರೆಯೊಳಗೆ ಸಿಮೆಂಟು ಸುರಿಯಬಾರದು, ಕಾಡಿನ ಮರ ಕಡಿಸಬಾರದು ಎಂಬುದು ನನ್ನ ಹಟ. ಸುತ್ತಲ ಹೊಲಗಳಲ್ಲಿ ಸರ್ವೆ ಮರದ ತೋಪುಗಳಿದ್ದವು. ಕಡಿದ ಜಾಗದಲ್ಲಿ ರೈತರು ಮತ್ತೆ ನೆಡುತ್ತಿದ್ದರು. ಆ ಕಂಬಗಳು ಕೆಸರು ತಾಕದಂತೆ ಕಲ್ಲಿನ ಮೇಲೆ ನಿಲ್ಲಬೇಕು. ಕೀಲುಗಳೆಲ್ಲ ಬೋಲ್ಟಿನವು. ಒಂದು ಕಂಬ ಕೆಟ್ಟರೆ ಅದೊಂದನ್ನೇ ಬಿಚ್ಚಿ ಬೇರೆ ಹಾಕಬಹುದು. ಆದರೆ ಹಸಿ ಸರ್ವೆಗೆ ಬೇಗ ಹುಳು ಬೀಳುತ್ತದೆ. ಅದಕ್ಕೆ ಊರ ಕಡೆಯ ಕ್ರಮದಂತೆ ಕಂಬಗಳನ್ನು ಕೆಲವು ತಿಂಗಳು ಕೆರೆಯಲ್ಲೇ ನೆನೆಹಾಕಿ, ತೆಗೆದು, ನೆರಳಲ್ಲಿ ಚೆನ್ನಾಗಿ ಒಣಗಿಸಿ, ಬೇವಿನೆಣ್ಣೆ ಬಳಿಯುವುದೆಂದು ತೀರ್ಮಾನಿಸಿದೆ. ಒಣಗದ ಮರಕ್ಕೆ ಬೋಲ್ಟು ಹಾಕಿದರೆ ಮರ ಕುಗ್ಗಿ ಕೀಲು ಸಡಿಲವಾಗುತ್ತದೆ.

ದಸರಾ ಮುಗಿದ ಮೇಲೆ ಕಂಬದ ಕಂಟ್ರಾಕ್ಟರ್ ಉಗ್ರಪ್ಪ ಅವನ್ನೆಲ್ಲ ಒಂದೇ ಹಗ್ಗದಲ್ಲಿ ಚಾಪೆಯಂತೆ ಹೆಣೆದು, ಮೇಲೆ ಕಲ್ಲು ಹೇರಿ, ಜೊಂಡಿನ ಪಕ್ಕದಲ್ಲಿ ನೀರಿಗಿಳಿಸಿದ.

"ಯಾವನೂ ಕದಿಯೋಕಾಗಲ್ಲ ಮೇಡಂ. ಕದ್ರೆ ಪೂರ್ತಿ ಚಾಪೆ ಸುತ್ಕೊಂಡ್ ಹೋಗ್ಬೇಕು!"

ಕೆರೆಯ ಉಸ್ತುವಾರಿಯ ಕಚೇರಿಯವರು ಮಾರ್ಚ್ ಕೊನೆಯವರೆಗೆ ಅನುಮತಿ ಕೊಟ್ಟಿದ್ದರು. ಅಷ್ಟರೊಳಗೆ ಗೋಪುರ ನಿಲ್ಲಬೇಕಿತ್ತು.

ಸಂಕ್ರಾಂತಿ ಕಳೆದು ಕಂಬ ಎತ್ತುವ ದಿನ ನಾನೂ ವಾರಿಜಾಳೂ ಹೋದೆವು. ವಾರಿಜಾ ಪಂಚಾಕ್ಷರಿಯ ಹಕ್ಕಿ ಕೂಟದವಳು. ಅವನು ಹೋದ ಮೇಲೆ ನನಗೂ ಗೆಳತಿಯಾಗಿದ್ದಳು. ಕಂಬಗಳ ನಡುವೆ ಕೊಳೆತ ಕಳೆಯ ಒಂದು ಗುಪ್ಪೆ ಸಿಕ್ಕಿಕೊಂಡಿತ್ತು. ಉಗ್ರಪ್ಪ ಹಗ್ಗ ಕುಯ್ಯಲು ಮಚ್ಚು ಹಿಡಿದು ನೀರಿಗಿಳಿದ. ಗುಪ್ಪೆಯ ಪಕ್ಕದಿಂದ ಕಂದು ಬಣ್ಣದ ಸಣ್ಣ ಹಕ್ಕಿಯೊಂದು ಬುಳಕ್ಕನೆ ಮುಳುಗಿತು.

"ಅಣ್ಣಾ, ನಿಲ್ಸಿ!" ವಾರಿಜಾ ಕೂಗಿದಳು. ದುರ್ಬೀನು ನನ್ನ ಕೈಗೆ ತುರುಕಿ, "ಗುಳುಮುಳುಕ ಕಣೇ. ಅದು ಕಸ ಅಲ್ಲ, ಗೂಡು. ಎದ್ದು ಹೋಗೋವಾಗ ಮೊಟ್ಟೆ ಮೇಲೆ ಕಳೆ ಎಳೆದು ಮುಚ್ಚುತ್ತೆ. ತೇಲಿ ಹೋಗ್ದೇ ಇರ್ಲಿ ಅಂತ ನಮ್ ಕಂಬಕ್ಕೇ ಕಟ್ಟಿದೆ," ಎಂದಳು.

ಉಗ್ರಪ್ಪ ನಕ್ಕ. "ನೀವ್ ಹಕ್ಕಿ ನೋಡೋಕೆ ಮನೆ ಕಟ್ಟೋಕ್ ಮುಂಚೆ ಅದೇ ಗೃಹಪ್ರವೇಶ ಮಾಡ್ಬಿಡ್ತಲ್ಲ ಮೇಡಂ! ಈಗ ಕುಯ್ಲಾ, ಬ್ಯಾಡ್ವಾ? ಆಳುಗಳು ಕಾಯ್ತಾ ಕೂತವ್ರೆ."

"ಅಂಚಿನ ಕಂಬಗಳನ್ನಷ್ಟೇ ತೆಗೆಯೋಕಾಗಲ್ವಾ?" ಎಂದೆ.

"ಒಂದ್ ಕಡೆ ಕುಯ್ದ್ರೆ ಪೂರ್ತಿ ಬಿಚ್ಕೊಳ್ತದೆ."

"ಬೇರೆ ಕಂಬ ತರಿಸೋಣ್ವಾ ಜಯಾ?" ಎಂದಳು ವಾರಿಜಾ.

"ನೆನೆಸದೇ ಇರೋ ಕಂಬದ ಮೇಲೆ ಜನರನ್ನ ಹೇಗೆ ಹತ್ತಿಸ್ಲಿ?"

"ಮರಿ ಆಗೋವರೆಗೂ ಕಾದ್ರೆ?"

"ಒಣಗೋಕೆ ಟೈಮಿರಲ್ಲ. ಮಾರ್ಚ್ ಮುಗಿದುಹೋಗುತ್ತೆ."

"ಪಂಚಾಕ್ಷರಿ ಇದ್ದಿದ್ರೆ..." ಎಂದು ಶುರುಮಾಡಿದವಳು ನೀರಿನ ಕಡೆ ತಿರುಗಿದಳು.

ಹಕ್ಕಿ ದೂರದಲ್ಲಿ ತಲೆಯೆತ್ತಿ ನಮ್ಮ ಕಡೆ ನೋಡಿ ಮತ್ತೆ ಮುಳುಗಿತು. ನನಗೆ ತಗ್ಗು ಮೆಟ್ಟಿಲುಗಳು ನೆನಪಾದವು. "ಇರಲಿ ಬಿಡಿ ಉಗ್ರಪ್ಪ," ಎಂದೆ. ಅದು ಕನಿಕರವೋ, ಏನಾದರಾಗಲಿ ಎಂಬ ದಣಿವೋ, ಇವತ್ತಿಗೂ ಗೊತ್ತಿಲ್ಲ.

ಸಂಜೆ ನೇರ ಅಂಗಡಿಗೆ ಹೋಗಿ, ಗೋಪುರ ಇನ್ನು ಏಳುವುದು ಅನುಮಾನವೆಂದು ಮಾವನಿಗೆ ಹೇಳಿದೆ. ಅವರು ತೊಗರಿಬೇಳೆಯ ಪೊಟ್ಟಣ ಕಟ್ಟುತ್ತಿದ್ದರು.

"ಮೊಟ್ಟೆಗೋಸ್ಕರಾನಾ?"

"ಹೂಂ, ಮಾವ."

"ಎಷ್ಟು ದೊಡ್ಡದು ಹಕ್ಕಿ?"

ಮುಷ್ಟಿ ತೋರಿಸಿದೆ. ಅವರು ದಾರವನ್ನು ಹಲ್ಲಿನಲ್ಲಿ ಕಡಿದರು. "ಗಂಡ ಹೆಂಡ್ತಿ ಸರಿಯಾಗಿದ್ರಿ. ಅವನು ಹಕ್ಕಿಗೋಸ್ಕರ ಅಂಗಡಿ ಬಿಟ್ಟ, ನೀನು ಅವನ ಹೆಸರನ್ನೇ ಬಿಟ್ಟೆ."

ಆಮೇಲೆ ಬಹಳ ದಿನ, ಊಟ ಆಯ್ತಾ ಎಂಬುದರ ಹೊರತು ಅವರು ನನ್ನನ್ನು ಏನೂ ಕೇಳಲಿಲ್ಲ.

ಮರಿಗಳಾದವೆಂದು ವಾರಿಜಾ ಬಂದು ಹೇಳಿದಳು. ತಾಯಿಯ ಬೆನ್ನ ಮೇಲೆ ಕೂತು ತಿರುಗುತ್ತವಂತೆ. ಗೂಡು ಬರಿದಾದ ಮೇಲೆ ಕಂಬಗಳನ್ನು ಎತ್ತಿಸಿದೆವು. ಅವು ಒಣಗುವ ಮೊದಲೇ ಅನುಮತಿಯ ಅವಧಿ ತೀರಿತು. ಹೊಸದಾಗಿ ಬಂದ ಅಧಿಕಾರಿ, ಕೆರೆಯ ಸುತ್ತಿನ ಜಾಗದ ಬಗ್ಗೆ ಬೇರೆ ಯೋಜನೆ ಇದೆ, ಏನನ್ನೂ ಕಟ್ಟುವ ಹಾಗಿಲ್ಲ ಎಂದರು. ಕೂಟದವರು ಮತ್ತೆ ಮತ್ತೆ ಹೋಗಿ ಕೇಳಿದರು. ಆಮೇಲೆ ಅವರೂ ಬಿಟ್ಟರು. ಮಳೆಗಾಲ ಬರುವ ಮುಂಚೆ ಉಗ್ರಪ್ಪ ಕಂಬಗಳನ್ನು ಲಾರಿಗೆ ಹೇರಿಕೊಂಡು ಹೋದ. ಜೆ.ಪಿ. ನಗರದಲ್ಲಿ ಮನೆಗಳು ಏಳುತ್ತಿದ್ದವು. ಗಾರೆಯವರು ನಿಂತು ಕೆಲಸ ಮಾಡುವ ಅಟ್ಟಣೆಗೆ ಕಂಬ ಬೇಕಿತ್ತು.

ಮೊದಲ ಮಳೆಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಮಾವ ಅಂಗಡಿಗೆ ಹೋಗಲಿಲ್ಲ. ಪೇಟ ಸುತ್ತಿಕೊಂಡು ಬಾಗಿಲಲ್ಲಿ ನಿಂತು, "ನಡಿ, ನೋಡ್ಕೊಂಡ್ ಬರೋಣ," ಎಂದರು.

ಬನ್ನೇರುಘಟ್ಟ ರಸ್ತೆಯಲ್ಲಿ ಬಸ್ಸಿಳಿದು ಹೊಲದ ಬದುವಿನ ಮೇಲೆ ಮೆಲ್ಲಗೆ ನಡೆದೆವು. ಗೋಪುರ ನಿಲ್ಲಬೇಕಿದ್ದ ಜಾಗಕ್ಕೆ ಬಂದಾಗ ಜೊಂಡು ಅವರ ತಲೆಗಿಂತ ಎತ್ತರ ಬೆಳೆದಿತ್ತು. ನನ್ನ ಭುಜ ಹಿಡಿದು ತುದಿಗಾಲಲ್ಲಿ ನಿಂತರು.

"ಏನೂ ಕಾಣ್ಸಲ್ಲ ಕಣವ್ವಾ."

"ಹೌದು, ಮಾವ. ಎತ್ತರದಿಂದ್ಲೇ ನೋಡ್ಬೇಕು."

ಅಂದ ಮೇಲೆ, ಅನ್ನಬಾರದಿತ್ತು ಎನ್ನಿಸಿತು. ಆಗ ಜೊಂಡಿನೊಳಗಿಂದ ತೆಳ್ಳಗಿನ, ನಡುಗುವ ದನಿಯೊಂದು ಎದ್ದು, ನಿಂತುಹೋಯಿತು.

"ಅದೇ ಹಕ್ಕೀನಾ?"

ಒಳಗೆ ಎಷ್ಟೋ ಜಾತಿಯ ಹಕ್ಕಿಗಳಿದ್ದವು. ಯಾವ ಕೂಗು ಯಾವುದರದೆಂದು ನಾನು ಯಾವತ್ತೂ ಪಂಚಾಕ್ಷರಿಯನ್ನು ಕೇಳಿರಲಿಲ್ಲ.

"ಅದೇ, ಮಾವ," ಎಂದೆ.

ಅವರು ಹೆಗಲ ಮೇಲಿನ ಟವಲನ್ನು ಬದುವಿನ ಮೇಲೆ ಹಾಸಿ, ಮಂಡಿ ಹಿಡಿದುಕೊಂಡು ಕೂತರು.

"ಇನ್ನೊಂದ್ಸಲ ಕೂಗ್ಲಿ. ಆಮೇಲೆ ಹೋಗೋಣ."

ಪಕ್ಕದಲ್ಲಿ ಕೂತೆ. ಬಿಸಿಲೇರಿತು. ಅದು ಕೂಗಲಿಲ್ಲ.