ಬರಹವಿಲ್ಲದ ಸಿಲಿಂಡರ್ ಹೆಡ್

ನಾನು ಒಂದು ಸಿಲಿಂಡರ್ ಹೆಡ್. ಹೆಸರು ಕೇಳಿ ಮುಖ ಸಿಂಡರಿಸಬೇಡಿ. ಡೀಸೆಲ್ ಕಾರಿನ ಎಂಜಿನ್ ಮೇಲೆ ಮುಚ್ಚಳದ ಹಾಗೆ ಕೂರುವ ಬೀಡುಕಬ್ಬಿಣದ ಗಟ್ಟಿ ನಾನು. ಕೆಳಗೆ ಬೆಂಕಿ ಧಗಧಗಿಸುತ್ತಿದ್ದರೂ ಹೊರಗೆ ಬಿಡದೆ ಅಮುಕಿ ಹಿಡಿಯುವುದು ನನ್ನ ಕೆಲಸ. ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದಾಗ ಹುಟ್ಟಿದೆ. ಆಮೇಲೆ ಕೊರೆದರು, ಉಜ್ಜಿದರು, ಪಕ್ಕದಲ್ಲೊಂದು ನಂಬರು ಹೊಡೆದರು.

ನನ್ನ ಮೊದಲ ಯಜಮಾನರು ಗದಗಿನ ಒಬ್ಬ ಜವಳಿ ವ್ಯಾಪಾರಿ. ಬೆಳಗಾದರೆ ಸಾಕು, ಹಳದಿ ಬಟ್ಟೆ ಹಿಡಿದು ಕಾರಿನ ಮೈ ಒರೆಸುವರು. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸಲವಾದರೂ ಬಾನೆಟ್ ಎತ್ತಿ ನನ್ನ ಮುಖ ನೋಡಲಿಲ್ಲ ಪುಣ್ಯಾತ್ಮರು! ನನಗೆ ಬೇಸರವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ದಿನ ರೈಲ್ವೆ ಗೇಟಿನಲ್ಲಿ ಕಾರು ನಿಲ್ಲಿಸಿ ಅವರು ಚಹಾಕ್ಕೆ ಇಳಿದಿದ್ದಾಗ, ಹಿಂದಿನಿಂದ ಲಾರಿಯೊಂದು ಬಂದು ಗುದ್ದಿತು. ಕಾರಿನ ಹಿಂಭಾಗ ಅಪ್ಪಚ್ಚಿಯಾಯಿತು. ಮುಂದಿದ್ದ ನನಗೆ ಒಂದು ಗೀರೂ ಆಗಲಿಲ್ಲ. ಆದರೂ ಕಾರಿನ ಜೊತೆ ನನ್ನನ್ನೂ ಹುಬ್ಬಳ್ಳಿಯ ಗುಜರಿಗೆ ಸಾಗಿಸಿದರು.

ಆ ಗುಜರಿ ದಾವಲಸಾಬ ನದಾಫರದು. ಅಂಥ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಬೇರೆ ಅಂಗಡಿಯವರು ಹಳೆಯ ಸಾಮಾನಿಗೆ ಬೆಳ್ಳಿ ಬಣ್ಣ ಬಳಿದು ಮದುಮಗನ ಹಾಗೆ ಕೂರಿಸುತ್ತಿದ್ದರೆ, ಇವರು ಬಿಳಿ ಬಣ್ಣದಲ್ಲಿ ಕುಂಚ ಅದ್ದಿ, ಸಾಮಾನಿನ ಮೇಲೆ ಅದು ಬಂದ ಗಾಡಿ ಹೇಗೆ ಸತ್ತಿತೆಂದು ಬರೆಯುತ್ತಿದ್ದರು. ‘ಮುಂದಿನಿಂದ ಗುದ್ದಿದ್ದು’, ‘ಹಳ್ಳದಾಗ ಮುಳುಗಿದ್ದು’, ‘ನೀರಿಲ್ಲದೆ ಕಾದು ನಿಂತಿದ್ದು’. ಯಾರಾದರೂ ನಕ್ಕರೆ, “ಗಾಡಿ ಹೆಂಗ ಸತ್ತತಿ ಅಂತ ಗೊತ್ತಾದ್ರ, ಅದರಾಗ ಯಾವ ಅಂಗ ಜೀವಂತ ಐತಿ ಅಂತ ಗೊತ್ತಾಕ್ಕೈತಿ ನೋಡಪಾ” ಎನ್ನುತ್ತಿದ್ದರು. ಬರಹವಿಲ್ಲದ ಸಾಮಾನನ್ನು ಅವರು ಮಾರುತ್ತಲೇ ಇರಲಿಲ್ಲ.

ನನ್ನ ಗ್ರಹಚಾರ ಕೇಳಿ. ನಾನು ಬಂದ ದಿನ ಅವರು ಉರುಸಿಗೆ ಹೋಗಿದ್ದರು. ಅಳಿಯ ಇಮಾಮಹುಸೇನ ನನ್ನನ್ನು ಬಿಚ್ಚಿ ಮೂಲೆಗೆ ತಳ್ಳಿ, ಕಾರಿನ ಉಳಿದ ಮೈಯನ್ನು ಅಂದೇ ತೂಕಕ್ಕೆ ಮಾರಿ ಕೈ ಒರೆಸಿಕೊಂಡ. ಮಾವ ಬಂದು “ಇದು ಯಾವ ಗಾಡಿದು?” ಎಂದರೆ ತಲೆ ಕೆರೆದುಕೊಂಡ. ಗೊತ್ತಿದ್ದವನು ನಾನೊಬ್ಬ, ನನಗೆ ಬಾಯಿಲ್ಲ. ನಾಲ್ಕು ವರ್ಷ ಧೂಳು ತಿಂದೆ.

ಒಂದು ಮಂಗಳವಾರ ನವಲಗುಂದದಿಂದ ಫಕೀರವ್ವ ಹಡಪದ ಬಂದಳು. ನಲವತ್ತು ದಾಟಿದ ಹೆಂಗಸು. ಸ್ವಂತ ಕಾರು, ಅವಳೇ ಡ್ರೈವರ್. ಮೂತ್ರಪಿಂಡ ಕೆಟ್ಟ ನಾಲ್ವರನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹುಬ್ಬಳ್ಳಿಗೆ ಕರೆತರುತ್ತಿದ್ದಳು. ಕಾರಿನಿಂದ ಬಿಚ್ಚಿಸಿ ಗೋಣಿಚೀಲದಲ್ಲಿ ತಂದಿದ್ದ ಹೆಡ್ಡನ್ನು ದೊಪ್ಪೆಂದು ಕೆಳಗಿಟ್ಟಳು. ಫಳಫಳ ಬೆಳ್ಳಿ ಬಣ್ಣ.

“ಚಾಚಾ, ಮೊನ್ನೆ ಒಂದು ಅಂಗಡ್ಯಾಗ ಹೊಸದರಂಗ ಐತಂತ ಇದನ್ನ ತಗೊಂಡೆ. ಇವತ್ತು ಮುಂಜಾನೆ ನಡುದಾರ್ಯಾಗ ಕುದ್ದು ನಿಂತತ್ರಿ. ಒಳಗ ಪೇಶಂಟ್ ಕುಂತಾರ, ಮ್ಯಾಲೆ ಬಿಸಿಲು. ಅವರಾಗ ಕುಲಕರ್ಣಿ ಮಾಸ್ತರು ಉಸಿರು ಸಿಗದ ಒದ್ದ್ಯಾಡಿದ್ರು. ಯಾವನೋ ಪುಣ್ಯಾತ್ಮ ಟೆಂಪೋದಾಗ ಹಾಕ್ಕೊಂಡು ಹೋದ. ಗುರುವಾರ ಮತ್ತ ಪಾಳಿ ಐತ್ರಿ. ಇನ್ನೊಂದು ಸಲ ಹಿಂಗಾದ್ರ ಮಾಸ್ತರು ದಾರ್ಯಾಗಽ ಹೋಗಿಬಿಡತಾರ!”

ದಾವಲಸಾಬರು ಆ ಹೆಡ್ಡನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕಿದರು. ಸ್ವಲ್ಪ ಹೊತ್ತಿಗೆ ಬಿಳಿಯ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡಿತು. ಬಣ್ಣದ ಕೆಳಗೆ ಬಿರುಕು!

ಅವಳ ಕಾರಿಗೆ ಹೊಂದುವ ಹೆಡ್ಡು ಅವರ ಬಳಿ ಮೂರಿದ್ದವು. ಎರಡರ ಮೇಲೆ ‘ಕಾದು ನಿಂತಿದ್ದು’ ಎಂದಿತ್ತು; ಕಾದ ಹೆಡ್ಡು ಸೊಟ್ಟಾಗಿ ಬಿರುಕು ಬಿಡುವುದರಿಂದ ಅವು ಆಗುವಂತಿರಲಿಲ್ಲ. ಮೂರನೆಯವನು ನಾನು.

“ಇದರ ಸಾವು ನನಗ ಗೊತ್ತಿಲ್ಲವ್ವಾ. ಇದನ್ನ ಕೊಡಂಗಿಲ್ಲ.”

“ಬರದಿಲ್ಲಂತ ಕೊಡಂಗಿಲ್ಲೇನ್ರಿ? ನಿಮ್ಮ ಬರಹ ನೋಡಿ ಮಾಸ್ತರ ರಕ್ತ ಸ್ವಚ್ಛ ಆಕ್ಕೈತೇನು?” ಫಕೀರವ್ವನ ಕಣ್ಣಲ್ಲಿ ನೀರು ಬಂತು.

ದಾವಲಸಾಬರು ಮೂಲೆಗೆ ನಡೆದರು. ನನ್ನನ್ನು ಎತ್ತಿ ನೇತುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಬಿರುಕಿದ್ದರೆ ಒಡಕು ಸದ್ದು ಬರಬೇಕು, ನಾನು ಠಣ್ಣೆಂದೆ. ನಾಲ್ಕು ವರ್ಷದ ಮೇಲೆ ಸಿಕ್ಕ ಮಾತು ಅದು, ಬಿಡುತ್ತೇನೆಯೇ! ಸೀಮೆಸುಣ್ಣ ತಿಕ್ಕಿದರು, ಗೆರೆ ಮೂಡಲಿಲ್ಲ. ಉಕ್ಕಿನ ಪಟ್ಟಿ ಇಟ್ಟು ಬಿಸಿಲಿಗೆ ಹಿಡಿದರು, ಸಂದಿನಲ್ಲಿ ಬೆಳಕು ತೂರಲಿಲ್ಲ. ಕೊನೆಗೆ ನನ್ನನ್ನು ಅಂಗಾತ ಮಲಗಿಸಿ, ವಾಲ್ವುಗಳಿರುವ ಕುಳಿಗಳಿಗೆ ಸೀಮೆಎಣ್ಣೆ ತುಂಬಿ ಮಧ್ಯಾಹ್ನದ ನಮಾಜಿಗೆ ಹೋದರು. ಸಂಜೆಯ ನಮಾಜು ಮುಗಿಸಿ ಬಂದು ಬಗ್ಗಿ ನೋಡಿದರು. ಒಂದು ಹನಿಯೂ ಇಳಿದಿರಲಿಲ್ಲ. ಅಷ್ಟು ಹೊತ್ತೂ ಫಕೀರವ್ವ ಊಟ ಬಿಟ್ಟು ನನ್ನ ಪಕ್ಕದಲ್ಲೇ ಕುಳಿತಿದ್ದಳು.

“ತಗೊಂಡು ಹೋಗು. ಆದ್ರ ಗುರುವಾರ ಗಾಡ್ಯಾಗ ನಾನೂ ಬರತೇನಿ. ಬರದಿಲ್ಲದ ಮಾಲಿಗೆ ನಾನಽ ಸಾಕ್ಷಿ.”

ಬುಧವಾರವಿಡೀ ಮೆಕ್ಯಾನಿಕ್‌ಗಳು ನನ್ನನ್ನು ಅವಳ ಕಾರಿನಲ್ಲಿ ಕೂರಿಸಿ ಬಿಗಿದರು. ಗುರುವಾರ ಬೆಳಿಗ್ಗೆ ಎಪ್ಪತ್ತು ದಾಟಿದ ಆ ಮನುಷ್ಯ ಬಸ್ಸು ಹಿಡಿದು ನವಲಗುಂದಕ್ಕೆ ಬಂದು, ಕಾಲಬಳಿ ಎರಡು ಕ್ಯಾನ್ ನೀರಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತರು. ಏಪ್ರಿಲ್ ತಿಂಗಳ ಎರೆಭೂಮಿಯ ಬಿಸಿಲು. ನನಗೂ ಭಯವಿತ್ತು. ನಾಲ್ಕು ವರ್ಷ ಬಿದ್ದಿದ್ದವನು, ಎಲ್ಲಾದರೂ ಕೈಕೊಟ್ಟರೆ? ದಾವಲಸಾಬರು ದಾರಿಯುದ್ದಕ್ಕೂ ಬಿಸಿ ತೋರಿಸುವ ಮುಳ್ಳಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

“ಸಾಬರ, ಎಂಜಿನ್ ತಣ್ಣಗ ಐತಿ. ನಿಮ್ಮ ಕಣ್ಣಽ ಕಾದಾವು” ಎಂದು ಮಾಸ್ತರು ಹಿಂದಿನಿಂದ ನಕ್ಕರು.

ಮುಳ್ಳು ನಡುವೆ ನಿಂತದ್ದು ನಿಂತೇ ಇತ್ತು. ಆಸ್ಪತ್ರೆ ಮುಟ್ಟಿದಾಗ ಫಕೀರವ್ವ ಕೈಮುಗಿದಳು. “ಬಂದದ್ದಷ್ಟಽ ಆತು. ತಿರುಗಿ ಹೋಗೂದು ಐತೆಲ್ಲವ್ವಾ” ಎಂದರು ಅವರು. ನಾಲ್ಕು ತಾಸು ಬೇವಿನ ನೆರಳಲ್ಲಿ ಕಾದು, ನವಲಗುಂದದವರೆಗೂ ಮತ್ತೆ ಬಂದರು. ಅಲ್ಲಿ ಬಾನೆಟ್ ಎತ್ತಿಸಿ, ಜೇಬಿನಿಂದ ಕುಂಚ ತೆಗೆದು ನನ್ನ ಮೇಲೆ ಬರೆದರು: ‘ಹೆಂಗ ಸತ್ತಿತ್ತೋ ಗೊತ್ತಿಲ್ಲ. ನಡಿಯೂದು ನಾ ನೋಡೇನಿ.’ ಎಂಜಿನ್ ಬಿಸಿಗೆ ಆ ಅಕ್ಷರ ತಿಂಗಳೊಪ್ಪತ್ತಿನಲ್ಲೇ ಸುಟ್ಟು ಹೋಯಿತು. ಹೋಗಲಿ ಬಿಡಿ.

ಆರು ವರ್ಷ ದುಡಿದೆ. ಆಮೇಲೆ ಕಾರಿನ ಮೈಯೇ ತುಕ್ಕು ಹಿಡಿದು ಕೂತಿತು. ಫಕೀರವ್ವ ಬೇರೆ ಗಾಡಿ ಕೊಂಡು, ನನ್ನನ್ನು ಬಿಚ್ಚಿಸಿ ತಂದು ದಾವಲಸಾಬರಿಗೇ ಒಪ್ಪಿಸಿದಳು. ಅವರು ಕರಗಿಸಲು ಕೊಡಲಿಲ್ಲ, ಮಾರಲೂ ಇಲ್ಲ. ತಮ್ಮ ಕುರ್ಚಿಯ ಪಕ್ಕ ಇಟ್ಟುಕೊಂಡರು. ಈಗ ನನ್ನ ಮೇಲೆ ಅವರ ಚಹಾದ ಕಪ್ಪು ಕೂರುತ್ತದೆ. ನನ್ನಷ್ಟು ಸುಖಿ ಈ ಗುಜರಿಯಲ್ಲಿ ಯಾರೂ ಇಲ್ಲ.

ಹೋದ ವಾರ ಫಕೀರವ್ವ ಬಂದಳು. ಹಣೆಯ ಬೆವರು ಸಹ ಒರೆಸಿಕೊಳ್ಳದೆ ನಿಂತಳು.

“ಚಾಚಾ, ಮಾಸ್ತರು ತೀರಿಕೊಂಡ್ರು.”

ದಾವಲಸಾಬರು ಕಪ್ಪು ಕೆಳಗಿಟ್ಟರು.

“ದಾರ್ಯಾಗೇನವ್ವಾ?”

“ಇಲ್ರಿ. ಮನ್ಯಾಗ. ಮೊಮ್ಮಗಳಿಗೆ ಮಗ್ಗಿ ಹೇಳಿಕೊಡತಿದ್ರಂತ.”

ಮುದುಕರು ದೊಡ್ಡದಾಗಿ ಉಸಿರು ಬಿಟ್ಟರು. ಆಮೇಲೆ ನನ್ನ ಮೇಲೆ ಅಂಗೈ ಇಟ್ಟು, ತುಂಬಾ ಹೊತ್ತು ತೆಗೆಯಲಿಲ್ಲ.