ಎಡಜೇಬಿನ ಚೀಟಿ

ಕಡ್ಡಿಯಕ್ಕ ನಾಲ್ಕು ಶಾಲುಗಳ ಎಂಟೂ ಜೇಬುಗಳನ್ನು ಒಳಹೊರಗು ಮಾಡಿ ನೋಡಿದ್ದಾಯಿತು. ಚೀಟಿಗಳೇನೋ ನಾಲ್ಕು ಸಿಕ್ಕವು, ನಾಲ್ಕೂ ಅವಳದೇ ಕೈಬರಹದವು. ‘ಬಲಜೇಬು ಒಂದು ಬೆರಳು ಕೆಳಗಿಳಿದಿದೆ.’ ‘ಲೈನಿಂಗ್ ಇಣುಕುತ್ತಿದೆ, ಒಳಗೆ ಮಡಚು.’ ಇಂಥವೇ. ಬೇಕಾಗಿದ್ದ ಐದನೆಯ ಚೀಟಿ ಮಾತ್ರ ಇರಲಿಲ್ಲ. ಅದನ್ನಿಟ್ಟಿದ್ದ ಶಾಲೇ ಇರಲಿಲ್ಲ. ಬೂದು ಬಣ್ಣದ್ದು, ಅಂಚಿನುದ್ದಕ್ಕೂ ಜಡೆಯಂಥ ಹೆಣಿಗೆ ಇರುವುದು. ಬೆಳಿಗ್ಗೆ ಅವಳೇ ಮಹಡಿಗೆ ತಂದು ಈ ಮೇಜಿನ ಮೇಲೆ, ಉಳಿದ ನಾಲ್ಕರ ಮೇಲಿಟ್ಟು ಇಳಿದು ಹೋಗಿದ್ದಳು. ಈಗ ಹೊಲಿಗೆ ಯಂತ್ರದ ಕೆಳಗೆ ಬಗ್ಗಿ ನೋಡಿದಳು, ಹಾಸಿಗೆಯ ಹೊದಿಕೆ ಕೊಡವಿದಳು, ಕಪಾಟಿನ ಬಾಗಿಲು ತೆಗೆದವಳು ಇದು ಅತಿಯಾಯಿತೆಂದು ಮುಚ್ಚಿ, ಮತ್ತೆ ತೆಗೆದಳು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಗಂಟೆ. ಚಿಕ್ಕಿ ಮೂರಕ್ಕೆಲ್ಲ ಮನೆಗೆ ಬಂದುಬಿಡುತ್ತಾಳೆ. ಅವಳ ಕಣ್ಣಿಗೆ ಬೀಳುವ ಮುಂಚೆ ಆ ಚೀಟಿ ಸಿಗಲೇಬೇಕಿತ್ತು.

ಚಿಕ್ಕಿ ಎಂದರೆ ಅವಳ ಓರಗಿತ್ತಿ, ಮೈದುನನ ಹೆಂಡತಿ. ಕಡ್ಡಿಯಕ್ಕನ ಮಗಳು ತೊದಲುಮಾತಿನ ವಯಸ್ಸಿನಲ್ಲಿ ಚಿಕ್ಕಮ್ಮನನ್ನು ಹಾಗೆ ಕರೆದಳೆಂದು ಬೀದಿಗೆಲ್ಲ ಆಕೆ ಚಿಕ್ಕಿಯೇ ಆಗಿಹೋಗಿದ್ದಳು. ಕಡ್ಡಿಯಕ್ಕನಿಗೆ ಆ ಹೆಸರು ಬಂದದ್ದು ಸದಾ ಕಂಕುಳಲ್ಲಿರುವ ಹೆಣಿಗೆ ಕಡ್ಡಿಗಳಿಂದ. ಅಲ್ಲ, ಕಡ್ಡಿ ಮುರಿದ ಹಾಗೆ ಮಾತಾಡುವುದರಿಂದ ಎನ್ನುವವರೂ ಇದ್ದಾರೆ.

ಮೈದುನ ತೀರಿಕೊಂಡು ಆರು ವರ್ಷವಾಗಿತ್ತು. ಚಿಕ್ಕಿ ಮಹಡಿಯ ಕೋಣೆಯಲ್ಲೇ ಉಳಿದಳು. ಆ ವರ್ಷದ ಚಳಿಗೆ ಕಡ್ಡಿಯಕ್ಕ ಅವಳಿಗೊಂದು ಶಾಲು ಹೆಣೆದು ಕೊಟ್ಟಳು. ವಾರ ಕಳೆದು ನೋಡಿದರೆ ಚಿಕ್ಕಿ ಅದರ ಎರಡು ತುದಿಗೂ ಒಂದೊಂದು ಜೇಬು ಹಚ್ಚಿಕೊಂಡಿದ್ದಳು. "ಶಾಲಿಗೆ ಯಾರಾದ್ರೂ ಜೇಬು ಇಡ್ತಾರಾ?" ಎಂದು ಕೇಳಿದರೆ, "ಕೈ ಎಲ್ಲಿಟ್ಕೋಬೇಕು ಅಂತಲೇ ತಿಳಿಯಲ್ಲ ಅಕ್ಕ, ಅದಕ್ಕೆ" ಎಂದಿದ್ದಳು. ನೋಡಿದವರು ನಮಗೂ ಒಂದು ಎಂದರು. ಪೇಟೆಯ ಉಣ್ಣೆಬಟ್ಟೆಯ ಅಂಗಡಿಯಾಕೆ ನನಗೊಂದು ಡಜನ್ ಎಂದಳು. ಹೀಗೆ ಕಡ್ಡಿಯಕ್ಕ ಹೆಣೆಯುವುದು, ಚಿಕ್ಕಿ ಒಳಗೆ ಮೆತ್ತನೆಯ ಹತ್ತಿಬಟ್ಟೆ ಕೊಟ್ಟು ಜೇಬು ಹಚ್ಚುವುದು ಎಂದಾಯಿತು.

ಒಂದೇ ಮನೆಯಾದರೂ ಇಬ್ಬರೂ ಮುಖ ನೋಡುವುದು ಭಾನುವಾರ ಮಾತ್ರ. ಸಿದ್ಧಉಡುಪಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಚಿಕ್ಕಿ ಬೆಳಿಗ್ಗೆ ಏಳಕ್ಕೆ ಹೊರಟರೆ, ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಕೂರುವ ಕಡ್ಡಿಯಕ್ಕ ಹೊರಡುವುದು ಮಧ್ಯಾಹ್ನ ಒಂದೂವರೆಗೆ. ಹಾಗಾಗಿ ಜೇಬೇ ಅವರ ಅಂಚೆ ಡಬ್ಬಿ. ಚಿಕ್ಕಿ ಹಚ್ಚಿಟ್ಟ ಜೇಬುಗಳನ್ನು ಬೆಳಿಗ್ಗೆ ಕಡ್ಡಿಯಕ್ಕ ಪರೀಕ್ಷೆ ಮಾಡುತ್ತಾಳೆ. ಸರಿಯಿದ್ದದ್ದು ಅಂಗಡಿಗೆ, ತಪ್ಪಿದ್ದದ್ದು ಎಡಜೇಬಿನಲ್ಲಿ ಚೀಟಿ ಹೊತ್ತು ವಾಪಸ್ ಮಹಡಿಗೆ. ಚಿಕ್ಕಿಯೂ ಕಮ್ಮಿಯಲ್ಲ. ‘ಜೇಬು ನೆಟ್ಟಗೇ ಇದೆ, ನಿನ್ನ ಶಾಲೇ ಓರೆ’ ಎಂದು ಬರೆದು ಕಳಿಸಿದ್ದುಂಟು. ಅದನ್ನೋದಿ ಕಡ್ಡಿಯಕ್ಕ ಕೌಂಟರಿನಲ್ಲಿ ಕೂತು ತನ್ನಷ್ಟಕ್ಕೆ ನಕ್ಕಿದ್ದೂ ಉಂಟು.

ಈ ಸಲದ್ದು ಮಾತ್ರ ಬೇರೆ. ನಿನ್ನೆ ಅಂಗಡಿಯಾಕೆ, ಏನೂ ಕೆಟ್ಟ ಮನಸ್ಸಿಲ್ಲದೆಯೇ, "ಶಾಲು ಎಲ್ಲ ಕಡೆ ಸಿಗುತ್ತೆ ಬಿಡಿ, ಜನ ಬರೋದು ಈ ಜೇಬಿಗೆ" ಎಂದುಬಿಟ್ಟಿದ್ದಳು. ಕಡ್ಡಿಯಕ್ಕ ಹೂಂ ಎಂದು ನಕ್ಕು ಬಂದವಳು ಮನೆಗೆ ಬರುವಷ್ಟರಲ್ಲಿ ಮೈಯೆಲ್ಲ ಮುಳ್ಳು ಮಾಡಿಕೊಂಡಿದ್ದಳು. ದಿನಗಟ್ಟಲೆ ಕುತ್ತಿಗೆ ಬಗ್ಗಿಸಿ ಹೆಣೆದವಳು ತಾನು, ಹೊಗಳಿಕೆ ಅಂಗೈಯಗಲದ ಜೇಬಿಗೆ. ಬೆಳಿಗ್ಗೆ ಬೂದು ಶಾಲಿನ ಜೇಬುಗಳನ್ನು ಎಷ್ಟು ತಿರುವಿ ನೋಡಿದರೂ ತಪ್ಪು ಸಿಗಲಿಲ್ಲ. ಸಿಗಲಿಲ್ಲವೆಂದೇ ಸಿಟ್ಟು ನೆತ್ತಿಗೇರಿತು. ಚೀಟಿ ಹರಿದು ಬರೆದಳು: ‘ಈ ಶಾಲಿನಲ್ಲಿ ತಪ್ಪಿಲ್ಲ. ಮುಂದಿನ ತಿಂಗಳಿಂದ ಜೇಬು ನಾನೇ ಹಚ್ಚಿಕೊಳ್ಳುತ್ತೇನೆ. ಮೈದುನ ಹೋದ ಮೇಲೂ ನಿನಗೆ ಈ ಮನೆಯಲ್ಲಿ ಜಾಗ ಕೊಟ್ಟಿದ್ದೇವೆ, ಅದು ನೆನಪಿರಲಿ.’

ಸ್ನಾನ ಮುಗಿಯುವಷ್ಟರಲ್ಲೇ ಸಿಟ್ಟು ಅರ್ಧ ಇಳಿದಿತ್ತು. ಹತ್ತಕ್ಕೆ ಅಂಗಡಿಯ ವ್ಯಾನು ಬಂದು ಸರಿಯಿದ್ದ ಏಳು ಶಾಲುಗಳ ಗಂಟನ್ನು ಒಯ್ದ ಮೇಲೆ ಮನೆ ಸುಮ್ಮನಾಯಿತು. ಆಗ ಕಡೆಯ ಸಾಲು ಒಂದೊಂದೇ ಅಕ್ಷರವಾಗಿ ನೆನಪಿಗೆ ಬರತೊಡಗಿತು. ಜಗಳದಲ್ಲಿ ಬಾಯಿಂದ ಬಿದ್ದ ಮಾತಾದರೆ ಇನ್ನೊಂದು ಮಾತಿನಲ್ಲಿ ಮುಚ್ಚಬಹುದು. ಇದು ಶಾಯಿಯಲ್ಲಿ ಬರೆದದ್ದು. ತನಗೆ ಯಾರಾದರೂ ಹೀಗೆ ಬರೆದಿದ್ದರೆ ತಾನು ಆ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೇಲೆ ತಂದಿಟ್ಟೆನೆಂದುಕೊಂಡದ್ದೇ ತಪ್ಪು, ಬೂದು ಶಾಲು ಕೈತಪ್ಪಿ ಅಂಗಡಿಯ ಗಂಟಿಗೆ ಸೇರಿರಬೇಕು. ಬೇರೆ ದಾರಿಯೇ ಹೊಳೆಯಲಿಲ್ಲ. ಕೆಳಗೆ ಗಂಡ ರಜೆಯ ದಿನವೆಂದು ಟೇಬಲ್ ಫ್ಯಾನನ್ನು ಬಿಚ್ಚಿ ಹರಡಿಕೊಂಡು ಕೂತಿದ್ದ.

"ಏನು ಬೆಳಿಗ್ಗೆಯಿಂದ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದ್ದೀಯ?"

"ಒಂದು ಚೀಟಿ ಹುಡುಕ್ತಿದ್ದೀನಿ."

"ಹೂಂ," ಎಂದು ಅವನು ಸ್ಕ್ರೂ ತಿರುಗಿಸಿದ.

ಅಂಗಡಿಯಲ್ಲಿ ಗಂಟು ಆಗಲೇ ಬಿಚ್ಚಿ ಹೋಗಿತ್ತು. ಶಾಲುಗಳು ಕಪಾಟು ಸೇರಿದ್ದವು. ಕನ್ನಡಿಯ ಮುಂದೆ ಮೈತುಂಬಿದ ಹೆಂಗಸೊಬ್ಬಳು ಬೂದು ಬಣ್ಣದ ಶಾಲು ಹೊದ್ದು, ಎರಡೂ ಕೈ ಜೇಬಿಗಿಳಿಸಿ, ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗಿ ನೋಡಿಕೊಳ್ಳುತ್ತಿದ್ದಳು.

"ಏನಕ್ಕ, ಈ ಹೊತ್ತಿನಲ್ಲಿ?" ಎಂದಳು ಅಂಗಡಿಯಾಕೆ.

"ಒಂದು ಶಾಲಿನಲ್ಲಿ ಸೂಜಿ ಉಳಿದುಬಿಟ್ಟಿದೆ ಅನ್ಸುತ್ತೆ," ಎಂದಳು ಕಡ್ಡಿಯಕ್ಕ. ಬಾಯಿಗೆ ಬಂದ ಮೊದಲ ಸುಳ್ಳು ಅದು.

ಕನ್ನಡಿಯ ಮುಂದಿನ ಹೆಂಗಸು ಅಲ್ಲಾಡದೆ ನಿಂತಳು. ಕಡ್ಡಿಯಕ್ಕ ಹೋಗಿ, ಒಂದು ಮಾತೂ ಕೇಳದೆ, ಅವಳ ಎಡಜೇಬಿಗೆ ತನ್ನ ಕೈಯನ್ನೂ ಇಳಿಸಿದಳು. ಒಳಗೆ ಪರಿಚಯವಿಲ್ಲದ ಬೆಚ್ಚನೆಯ ಕೈಯೊಂದು ಗಾಬರಿಯಲ್ಲಿ ಮುದುಡಿಕೊಂಡಿತು. ಚೀಟಿ ಇರಲಿಲ್ಲ. ಅಂಚು ನೋಡಿದರೆ ಬರೀ ಸಾದಾ ಹೆಣಿಗೆ, ಹೋದ ವಾರ ಕೊಟ್ಟಿದ್ದ ಶಾಲು. ಕಪಾಟಿನಲ್ಲಿದ್ದ ಏಳನ್ನೂ ಇಳಿಸಿ ಹದಿನಾಲ್ಕು ಜೇಬು ತಡಕಿದ್ದಾಯಿತು.

"ಸೂಜಿ ಇಲ್ಲ. ಮನೇಲೇ ಇರಬೇಕು," ಎಂದಳು.

ಆ ಹೆಂಗಸು ಶಾಲು ತೆಗೆದಿಟ್ಟು, "ನಾನು ಇನ್ನೊಂದಿನ ಬರ್ತೀನಿ" ಎಂದು ಹೊರಟೇಹೋದಳು. ಅಂಗಡಿಯಾಕೆ ಶಾಲು ಮಡಚುತ್ತಾ, "ಈಗ ತಾನೇ ಅವರು ಏನಂದ್ರು ಗೊತ್ತಾ? ಈ ಜೇಬಲ್ಲಿ ಕೈಯಿಟ್ರೆ ಯಾರೋ ಕೈ ಹಿಡ್ಕೊಂಡ ಹಾಗಾಗುತ್ತೆ ಅಂದ್ರು. ಅಷ್ಟರಲ್ಲಿ ನೀವು ನಿಜವಾಗ್ಲೂ ಹಿಡ್ಕೊಂಡ್ರಿ," ಎಂದಳು.

ನಿನ್ನೆಯಾಗಿದ್ದರೆ ಈ ಮಾತಿಗೂ ಕಡ್ಡಿಯಕ್ಕ ಉರಿದುಬೀಳುತ್ತಿದ್ದಳು. "ಜೇಬು ಚಿಕ್ಕಿಯ ಕೈಕೆಲಸ," ಎಂದಳು ಈಗ. ಆರು ವರ್ಷದಲ್ಲಿ ಅಂಗಡಿಯಲ್ಲಿ ನಿಂತು ಒಮ್ಮೆಯೂ ಹೀಗೆ ಹೇಳಿರಲಿಲ್ಲವೆಂಬುದು ಹೇಳಿದ ಮೇಲೆ ಹೊಳೆಯಿತು.

ಮನೆಗೆ ಬಂದರೆ ಫ್ಯಾನು ತಿರುಗುತ್ತಿತ್ತು. ಗಂಡ ಅದರ ಮುಂದೆ ಗೆದ್ದವನಂತೆ ಕೂತಿದ್ದ.

"ಮಹಡೀಲಿ ಬೂದು ಬಣ್ಣದ ಶಾಲು ಇಟ್ಟಿದ್ದೆ, ಕಾಣಿಸ್ತಿಲ್ಲ," ಎಂದಳು ಅವಳು ಸೋತು.

"ಚಿಕ್ಕಿ ಹೊದ್ಕೊಂಡು ಹೋದಳಲ್ಲ."

"ಯಾವಾಗ?"

"ನೀನು ಸ್ನಾನಕ್ಕೆ ಹೋಗಿದ್ದೆ. ಕನ್ನಡಕ ಮರೆತೆ ಅಂತ ಬಸ್ ಸ್ಟಾಪಿಂದ ವಾಪಸ್ ಬಂದಳು. ಚಳಿ ಅಂತ ಒಂದು ಶಾಲು ಹೊದ್ಕೊಂಡು ಇಳಿದಳು."

"ಬೆಳಿಗ್ಗೆಯಿಂದ ಮನೆ ತಲೆಕೆಳಗು ಮಾಡ್ತಿದ್ದೀನಿ. ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ನೀನು ಚೀಟಿ ಹುಡುಕ್ತಿದ್ದೀನಿ ಅಂದೆ. ಶಾಲು ಅನ್ನಲಿಲ್ಲ."

ಅವನ ಮೇಲೆ ರೇಗುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ. ಆಸ್ಪತ್ರೆಗೆ ಫೋನು ಮಾಡಿ ಬರುವುದು ಮೂರೂವರೆಯಾಗುತ್ತದೆ ಎಂದಳು. ಎರಡೂಕಾಲಿಗೆಲ್ಲ ಬಸ್ ಸ್ಟಾಪಿನಲ್ಲಿದ್ದಳು. ಕಲ್ಲುಬೆಂಚು ಖಾಲಿಯಿದ್ದರೂ ಕೂರಲಾಗಲಿಲ್ಲ. ಚೀಲದಿಂದ ಕಡ್ಡಿ ತೆಗೆದು ನಾಲ್ಕು ಸಾಲು ಹೆಣೆದಳು, ಎಣಿಕೆ ತಪ್ಪಿತು, ನಾಲ್ಕನ್ನೂ ಬಿಚ್ಚಿದಳು. ಬಂದ ಬಸ್ಸಿಗೆಲ್ಲ ಕತ್ತು ಚಾಚಿದಳು. ಚೀಟಿ ಚಿಕ್ಕಿಯ ಕೈಗೆ ಸಿಕ್ಕಿರಲಿಕ್ಕಿಲ್ಲ ಎಂದುಕೊಂಡಳು. ಮರುಕ್ಷಣವೇ ಅವಳ ಕೈಗಳು ನೆನಪಾದವು. ಜೇಬಿದ್ದರೆ ಹೊರಗೆ ನಿಲ್ಲುವ ಕೈಗಳಲ್ಲ ಅವು. ಅದಕ್ಕೆಂದೇ ಅಲ್ಲವೇ ಜೇಬು ಹುಟ್ಟಿದ್ದು.

ಮೂರಕ್ಕೆ ಐದು ನಿಮಿಷವಿರುವಾಗ ಚಿಕ್ಕಿ ಬಸ್ಸಿನಿಂದಿಳಿದಳು. ಬೂದು ಶಾಲು ಮೈಮೇಲಿತ್ತು. ಬಲಗೈ ಜೇಬಿನಲ್ಲಿತ್ತು, ಎಡಗೈ ಹೊರಗೆ ಬರಿದೇ ತೂಗುತ್ತಿತ್ತು.

"ಅಕ್ಕ? ಡ್ಯೂಟಿಗೆ ಹೋಗ್ಲಿಲ್ವಾ?"

"ಹೋಗ್ಬೇಕು. ಈ ಶಾಲು ಬೇಕಿತ್ತು. ಅಂಚಿನಲ್ಲಿ ಒಂದು ಕುಣಿಕೆ ಬಿಟ್ಟುಹೋಗಿದೆ ಅನ್ಸುತ್ತೆ, ನೋಡೋಣ ಅಂತ."

ಚಿಕ್ಕಿ ಕನ್ನಡಕದ ಹಿಂದಿನಿಂದ ಅವಳನ್ನೇ ನೋಡಿದಳು. "ಇದರಲ್ಲಿ ತಪ್ಪಿಲ್ಲ ಅಂತ ನೀನೇ ಬರೆದಿದ್ದೀಯಲ್ಲ," ಎಂದಳು.

ಇಳಿದ ಜನ ಅವರನ್ನು ಬಳಸಿಕೊಂಡು ಹೋದರು.

"ಬೆಳಿಗ್ಗೆ ಬಸ್ಸಲ್ಲೇ ಓದಿದೆ," ಎಂದಳು ಚಿಕ್ಕಿ. "ಎರಡು ಸಲ ಓದಿದೆ. ಇಳಿಯೋ ಸ್ಟಾಪ್ ದಾಟಿಹೋಯ್ತು. ನಮ್ಮ ಲೈನಲ್ಲಿ ಗುಂಡಿ ಹಚ್ಚೋಳು ಒಬ್ಬಳಿದ್ದಾಳೆ, ಅವಳ ಕೋಣೇಲಿ ಇನ್ನೊಬ್ಬರಿಗೆ ಜಾಗ ಇದೆಯಂತೆ. ಕೇಳಿಟ್ಟಿದ್ದೀನಿ."

"ಹೊಟ್ಟೆಕಿಚ್ಚಿಗೆ ಬರೆದೆ ಚಿಕ್ಕಿ," ಎಂದಳು ಕಡ್ಡಿಯಕ್ಕ. "ಜನ ನಿನ್ನ ಜೇಬು ಹೊಗಳ್ತಾರೆ ಅಂತ. ಬೇರೇನೂ ಇಲ್ಲ. ಆ ಮಾತು ನಾನು ಬರೀಬಾರದಿತ್ತು."

"ಬರೀಬಾರದಿತ್ತು," ಎಂದು ಚಿಕ್ಕಿ ಒಪ್ಪಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಆ ಮನೆಗೆ ನಾನೂ ನಿನ್ನ ಹಾಗೆ ಸೊಸೆಯಾಗೇ ಬಂದೆ ಅಕ್ಕ. ಜಾಗ ಕೇಳ್ಕೊಂಡು ಬರಲಿಲ್ಲ."

ಕಡ್ಡಿಯಕ್ಕ ತಲೆಯಾಡಿಸಿದಳು. ಚಿಕ್ಕಿ ಶಾಲು ತೆಗೆದಳು, ಒಮ್ಮೆ ಕೊಡವಿ ಅವಳ ಹೆಗಲಿಗೆ ಹೊದಿಸಿ, ಎರಡು ತುದಿಯನ್ನೂ ಮುಂದಕ್ಕೆಳೆದು ಸಮ ಮಾಡಿದಳು. ಅಂಗಡಿಗೆ ಹೊರಟ ಶಾಲನ್ನು ಹಿಡಿದು ನೋಡುವಾಗ ಮಾಡುವ ಹಾಗೆಯೇ ಮಾಡಿದಳು.

"ಇದು ಅಂಗಡಿಗೆ ಬೇಡ. ನೀನಿಟ್ಕೋ. ಒಂದು ಜೇಬು ನಡೆಯಲ್ಲ."

ಕಡ್ಡಿಯಕ್ಕನ ಎಡಗೈ ಜೇಬಿಗೆ ಹೋಯಿತು. ಹೋಗಲು ಬಾಯಿರಲಿಲ್ಲ. ಇಸ್ತ್ರಿಯ ಮುಂಚೆ ಜೇಬಿನ ಬಾಯಿ ಬಿಚ್ಚಿಕೊಳ್ಳದಿರಲೆಂದು ಚಿಕ್ಕಿ ಬಿಳಿ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕುವುದು ರೂಢಿ. ಆಮೇಲೆ ತುದಿ ಹಿಡಿದೆಳೆದರೆ ಅದು ಒಂದೇ ಎಳೆಯಾಗಿ ಬಂದುಬಿಡುತ್ತದೆ. ಇದು ಅದಲ್ಲ. ಬೂದು ಬಣ್ಣದ ದಾರದಲ್ಲೇ, ಇರುವೆಸಾಲಿನಂತೆ, ಒಂದರ ಹಿಂದೊಂದು ಸಣ್ಣ ಹೊಲಿಗೆ. ಎರಡು ಸುತ್ತು. ಕೊನೆಯಲ್ಲಿ ಗಂಟು, ಗಂಟಿನ ಮೇಲೆ ಇನ್ನೊಂದು ಗಂಟು. ಒತ್ತಿದರೆ ಒಳಗೆ ಕಾಗದ ಸರಕ್ಕೆಂದಿತು.

"ಊಟದ ಬಿಡುವಿನಲ್ಲಿ ಹೊಲಿದೆ," ಎಂದಳು ಚಿಕ್ಕಿ. "ಹರಿದು ಬಿಸಾಕೋಣ ಅಂತ ಕೈ ಹೋಯ್ತು. ಹರಿದರೆ ಒಂದೊಂದು ಚೂರೂ ನೆನಪಿರುತ್ತೆ ಅನಿಸಿತು."

"ಆ ಕೋಣೆ?"

"ಭಾನುವಾರ ಹೇಳ್ತೀನಿ ಅಂದಿದ್ದೀನಿ ಅವಳಿಗೆ." ಚಿಕ್ಕಿ ಹೆಗಲಚೀಲದಿಂದ ಊಟದ ಡಬ್ಬಿ ತೆಗೆದು ಕೈಯಿಂದ ಕೈಗೆ ಬದಲಾಯಿಸತೊಡಗಿದಳು. ಶಾಲು ಹೋದ ಮೇಲೆ ಅವಳ ಕೈಗಳಿಗೆ ಜಾಗವಿರಲಿಲ್ಲ. "ಇನ್ಮೇಲೆ ಚೀಟಿ ಬೇಡ ಅಕ್ಕ. ಹೇಳೋದೇನಿದ್ರೂ ಮೆಟ್ಟಿಲು ಹತ್ತಿ ಬಂದು ಹೇಳು. ನಾನು ಹೊರಡೋದು ಏಳಕ್ಕೆ. ಐದೂವರೆಗೇ ಎದ್ದಿರ್ತೀನಿ."

ಎದುರು ಬದಿಗೆ ಆಸ್ಪತ್ರೆಯ ಕಡೆಗೆ ಹೋಗುವ ಬಸ್ಸು ಬಂದು ನಿಂತಿತು. "ಹೋಗು, ತಡವಾಯ್ತು," ಎಂದು ಚಿಕ್ಕಿ ಮನೆಯ ಕಡೆ ತಿರುಗಿದಳು. ಬಸ್ಸಿನ ಕಿಟಕಿಯಿಂದ ಕಡ್ಡಿಯಕ್ಕ ನೋಡಿದಳು. ಚಿಕ್ಕಿ ಎರಡೂ ಕೈಯಿಂದ ಡಬ್ಬಿಯನ್ನು ಹೊಟ್ಟೆಗೊತ್ತಿ ಹಿಡಿದು, ತಲೆ ತಗ್ಗಿಸಿ, ಬೀದಿಯ ತಿರುವಿನವರೆಗೂ ಅದೇ ನಡಿಗೆಯಲ್ಲಿ ಹೋದಳು.

ಕೌಂಟರಿನ ಮುಂದೆ ಸಾಲು ಬಾಗಿಲವರೆಗೆ ಬೆಳೆದಿತ್ತು. ಕಡ್ಡಿಯಕ್ಕ ಕೂತು ಹೆಸರು ಕೇಳಿದಳು, ವಯಸ್ಸು ಕೇಳಿದಳು, ಬರೆದಳು, ಟೋಕನ್ ಕೊಟ್ಟಳು. ಬಲಗೈ ಬರೆಯುತ್ತಿರುವಾಗ ಎಡಗೈ ಅಭ್ಯಾಸದಂತೆ ಜೇಬು ಹುಡುಕಿಕೊಂಡು ಹೋಗಿ, ಹೊಲಿದ ಬಾಯಿಯ ಮೇಲೆ ಜಾರಿ, ಮಡಿಲಿಗೆ ಬೀಳುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಹೋಗುತ್ತಿತ್ತು. ಕಿಟಕಿಯ ಕಡೆ ಬಾಗಿದಾಗಲೆಲ್ಲ ಒಳಗಿನ ಕಾಗದ ಅವಳೊಬ್ಬಳಿಗೇ ಕೇಳುವಷ್ಟು ಸದ್ದು ಮಾಡುತ್ತಿತ್ತು. ಮೇಜಿನ ಖಾನೆಯಲ್ಲಿ ಪುಟ್ಟ ಕತ್ತರಿಯಿತ್ತು. ರಬ್ಬರಿಗೆಂದು ಖಾನೆ ಎಳೆದಾಗ ಅದು ಮುಂದಕ್ಕೆ ಜಾರಿ ಬಂತು. ಅವಳು ಅದನ್ನು ಹಿಂದಕ್ಕೆ ತಳ್ಳಿ ಖಾನೆ ಮುಚ್ಚಿದಳು. ಮೊಬೈಲು ತೆಗೆದು, ಬೆಳಿಗ್ಗೆ ಐದೂವರೆಗೆ ಅಲಾರಾಂ ಇಟ್ಟು, ಮುಂದಿನವರ ಹೆಸರು ಕೇಳಿದಳು.